ಆರ್‌ಎಸ್‌ವಿ ಅಧ್ಯಯನ: ಎಫ್ ಪ್ರೋಟೀನೋ, ಜಿ ಪ್ರೋಟೀನೋ?

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು, ಎಳೆಯ ಮಕ್ಕಳ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ ವೈರಸ್ಸಿನ ಎಫ್ ಮತ್ತು ಜಿ ಪ್ರೋಟೀನ್‌ಗಳಲ್ಲಿ ಕಿರುಯೋಜನೆಗೆ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳಿದ್ದಾರೆ.

ಜಿ ವೈರಸ್ಸನ್ನು ಜೀವಕೋಶಕ್ಕೆ ಅಂಟಿಸುತ್ತದೆ. ಎಫ್, ವೈರಸ್ ಮತ್ತು ಜೀವಕೋಶಗಳ ಪೊರೆಗಳನ್ನು ಬೆಸೆಯುತ್ತದೆ. ರಚನೆಯ ಮಾಹಿತಿಯಲ್ಲಿ ಮಾತ್ರ ಅಂತರ ದೊಡ್ಡದು. 574 ಅಮೈನೋ ಆಮ್ಲಗಳ ಸರಪಳಿಯಾಗಿ ಹುಟ್ಟುವ ಎಫ್, ಫ್ಯೂರಿನ್ ಕಿಣ್ವದಿಂದ ಎರಡು ಕಡೆ ಕತ್ತರಿಸಲ್ಪಟ್ಟು, ಮೂರು ಪ್ರತಿಗಳ ಗುಚ್ಛವಾಗಿ ನಿಂತು, ಬೆಸೆಯುವಾಗ ಮತ್ತೆ ಹಿಂದಿರುಗಲಾಗದಂತೆ ಆಕಾರ ಬದಲಿಸುತ್ತದೆ; ಬೆಸುಗೆಗೆ ಮುಂಚಿನ ಅಸ್ಥಿರ ರೂಪದ ರಚನೆ 2013ರಲ್ಲಿ ಪ್ರಕಟವಾಯಿತು, ಆ ರೂಪವನ್ನೇ ಸ್ಥಿರಗೊಳಿಸಿ ತಯಾರಿಸಿದ ಲಸಿಕೆಗಳು 2023ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದವು. ರಚನಾ ಜೀವವಿಜ್ಞಾನದಲ್ಲಿ ನಾನು ಇಷ್ಟು ಮೆಚ್ಚಿದ ಅಧ್ಯಾಯಗಳು ಕಡಿಮೆ. ಜಿ ಹಾಗಲ್ಲ, ಸಕ್ಕರೆಯ ಅಣುಗಳು ದಟ್ಟವಾಗಿ ಮುತ್ತಿಕೊಂಡ ಅದರ ಬಹುಭಾಗಕ್ಕೆ ನಿಶ್ಚಿತ ಆಕಾರವೇ ಇಲ್ಲ, ನಡುವಿನ ಸಣ್ಣ ಭಾಗವಷ್ಟೇ ತಳಿಗಳ ನಡುವೆ ಹೆಚ್ಚು ಬದಲಾಗದೆ ಉಳಿದಿದೆ.

ವೆಚ್ಚದಲ್ಲಿ ವ್ಯತ್ಯಾಸವಿಲ್ಲ, ದತ್ತಾಂಶ ಎರಡಕ್ಕೂ ಉಚಿತ.

ಒಂದೇ ಸೆಮಿಸ್ಟರ್ ಇದ್ದು, ಆಕಾರದಿಂದ ಕಾರ್ಯವನ್ನು ಅರಿಯುವ ಆಸೆಯಿದ್ದರೆ ಎಫ್ ಅನುಕೂಲ, ಏಕೆಂದರೆ ಬೆಸುಗೆಗೆ ಮುಂಚಿನ ಮತ್ತು ನಂತರದ ಅದರ ಎರಡೂ ರೂಪಗಳನ್ನು, ಪ್ರೋಟೀನ್ ರಚನೆಗಳ ಅಂತರ್ಜಾಲ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲೇ ಹೋಲಿಸಬಹುದು. ತಳಿಗಳ ವಿಕಾಸದಲ್ಲಿ ಆಸಕ್ತಿಯಿದ್ದು, ಅಮೈನೋ ಆಮ್ಲಗಳ ಅನುಕ್ರಮಗಳನ್ನು ಜೋಡಿಸಿ ನೋಡುವ ತಾಳ್ಮೆಯಿರುವವರಿಗೆ, ಬೇಗ ಬೇಗ ಬದಲಾಗುವ ಜಿ ಹೆಚ್ಚು ಪ್ರಶ್ನೆಗಳನ್ನು ಒದಗಿಸುತ್ತದೆ.