ದಾಸವಾಳದ ಹಿಟ್ಟು ತಿಗಣೆಗೆ ಸೋಪಿನ ನೀರೋ, ಬೇವಿನ ಎಣ್ಣೆಯೋ?

ಕಲಬುರಗಿಯ ನಮ್ಮ ಅಂಗಳದ ದಾಸವಾಳಕ್ಕೆ ಈ ಸಲ ಹಿಟ್ಟು ತಿಗಣೆ ಹತ್ತಿತ್ತು. ಚಿಗುರಿನ ಸಂದಿಯಲ್ಲಿ ಹತ್ತಿ ತುರುಕಿದ ಹಾಗೆ ಬಿಳಿ ಗಂಟು, ಕೆಳಗಿನ ಎಲೆಗಳ ಮೇಲೆ ಮಸಿಯಂಥ ಕಪ್ಪು ಬೂಷ್ಟು. ಬೂಷ್ಟಿಗೆ ಬೇರೆ ಔಷಧ ಹುಡುಕಬೇಡಿ. ಅದು ಬೆಳೆಯೋದೇ ತಿಗಣೆ ಸುರಿಸುವ ಸಿಹಿ ಅಂಟಿನ ಮೇಲೆ. ಒದ್ದೆ ಬಟ್ಟೆಯಿಂದ ಒರೆಸಿ, ತಿಗಣೆಯ ಕಡೆ ನೋಡಿ.

ಸೋಪಿನ ನೀರು ಅಗ್ಗ. ಲೀಟರ್ ನೀರಿಗೆ ಒಂದು ಚಮಚ ಲಿಕ್ವಿಡ್ ಸೋಪ್ ಸಾಕು. ಆದರೆ ಮೈಗೆ ತಾಗಿದ ಹುಳ ಮಾತ್ರ ಸಾಯುತ್ತದೆ. ಒಣಗಿದ ಮೇಲೆ ಅದರಿಂದ ಏನೂ ಉಪಯೋಗವಿಲ್ಲ. ಹಾಗಾಗಿ ವಾರಕ್ಕೊಮ್ಮೆ ಮೂರ್ನಾಲ್ಕು ಸಲ ಹೊಡೆಯಲೇಬೇಕು. ಬೋರಿನ ಗಡುಸು ನೀರಿನಲ್ಲಿ ಇದರ ಜೋರು ಕಡಿಮೆ. ಬಟ್ಟೆ ಒಗೆಯುವ ಪುಡಿಯಂತೂ ಬೇಡ, ನಾನು ಹಾಕಿ ಎಲೆ ಸುಟ್ಟುಕೊಂಡಿದ್ದೇನೆ.

ಬೇವಿನ ಎಣ್ಣೆ ನಿಧಾನ, ಆದರೆ ಪರಿಣಾಮ ಜಾಸ್ತಿ ದಿನ ಇರುತ್ತದೆ. ಲೀಟರಿಗೆ 5 ಮಿಲಿ, ಬೆರೆಯಲು ನಾಲ್ಕು ಹನಿ ಸೋಪು. ಹುಳ ರಸ ಹೀರೋದು ಕಡಿಮೆಯಾಗುತ್ತದೆ, ಮರಿಗಳಿಗೆ ಪೊರೆ ಕಳಚಲು ಆಗುವುದಿಲ್ಲ. ನಮ್ಮ ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಹೊಡೆದರೆ ಎಲೆ ಕಮರುತ್ತದೆ, ಸಂಜೆಯೇ ಸರಿ. ಬೀದರಿನ ಚಳಿಗೆ ಎಣ್ಣೆ ಗಟ್ಟಿಯಾದರೆ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಡಿ.

ನಾಲ್ಕೈದು ಗಂಟು ಇದ್ದರೆ ಸೋಪೇ ಸಾಕು. ಗಿಡವೆಲ್ಲ ಬೆಳ್ಳಗಾಗಿದ್ದರೆ ಹಾಳಾದ ಕೊಂಬೆ ಕತ್ತರಿಸಿ, ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದು, ಆಮೇಲೆ ಬೇವು. ಇರುವೆ ಸಾಲನ್ನೂ ತಡೆಯಿರಿ. ತಿಗಣೆಯನ್ನು ಕಾಯುವವರು ಅವರೇ ಅಲ್ವಾ!