ವಿಮಾನದ ಸೀಟು ಮುರಿದಿದ್ದರೆ ಬಾಗಿಲು ಹಾಕುವ ಮೊದಲೇ ಹೇಳಿ

ಕಳೆದ ಡಿಸೆಂಬರ್‌ನಲ್ಲಿ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 68 ವರ್ಷ, ಸೊಂಟದ ಡಿಸ್ಕ್ ತೊಂದರೆ ಬೇರೆ. ರೈಲಿನಲ್ಲಿ ಅಷ್ಟು ದೂರ ಕೂರಿಸುವುದು ಬೇಡ ಅಂತ ಬೆಂಗಳೂರಿನಿಂದ ನೇರ ವಿಮಾನವನ್ನೇ ಬುಕ್ ಮಾಡಿದೆ. ಕಡಿಮೆ ದರದ ಕಂಪನಿ. ಹೆಸರು ಇಲ್ಲಿ ಬೇಡ, ಈ ಕಥೆ ಒಂದೇ ಕಂಪನಿಯದ್ದೂ ಅಲ್ಲ. ಅಮ್ಮನಿಗೆ ಮೋಡ ನೋಡುವ ಆಸೆ. ಅದಕ್ಕೆ ಕಿಟಕಿ ಪಕ್ಕದ 17ಎ ಸೀಟಿಗೆ 450 ರೂಪಾಯಿ ಹೆಚ್ಚಿಗೆ ಕಟ್ಟಿದೆ. ನನ್ನದು ಪಕ್ಕದ 17ಬಿ, ಅದಕ್ಕೆ 200.

ಅಮ್ಮ ಕೂತು ಬೆನ್ನು ಕೊಟ್ಟಳು. ಸೀಟಿನ ಬೆನ್ನು ಹಾಗೇ ಹಿಂದಕ್ಕೆ ಹೋಯಿತು.

"ಅಯ್ಯೋ, ಬಿದ್ದೇ ಹೋದೆ ಕಣೋ" ಅಂತ ನನ್ನ ಕೈ ಹಿಡಿದುಕೊಂಡಳು. ಗುಂಡಿ ಒತ್ತಿರಲೇ ಇಲ್ಲ. ನಾನು ಎಳೆದು ನೆಟ್ಟಗೆ ಮಾಡಿದರೆ ಒಂದು ಕ್ಷಣ ನಿಲ್ಲುತ್ತಿತ್ತು, ಒರಗಿದ ಕೂಡಲೇ ಮತ್ತೆ ವಾಲುತ್ತಿತ್ತು. ಕೂರುವ ಕುಶನ್ ಅಂತೂ ಕೈಯಲ್ಲೇ ಬಂತು. ಅದನ್ನು ಹಿಡಿದಿಡುವ ವೆಲ್ಕ್ರೋ ಪೂರ್ತಿ ಸತ್ತುಹೋಗಿತ್ತು. ಒಳಗಿನ ಸ್ಪಂಜು ಎಷ್ಟು ಚಪ್ಪಟೆಯಾಗಿತ್ತೆಂದರೆ, ಬೆರಳಿಟ್ಟು ಒತ್ತಿದರೆ ಅಡಿಯ ಅಡ್ಡಪಟ್ಟಿ ಸಿಗುತ್ತಿತ್ತು. ನಮ್ಮಿಬ್ಬರ ನಡುವಿನ ಕೈಪಟ್ಟಿಯ ಮೇಲಿನ ಪ್ಲಾಸ್ಟಿಕ್ ಕಿತ್ತುಹೋಗಿ, ಒಂದು ಸ್ಕ್ರೂ ತಲೆ ಎತ್ತಿಕೊಂಡು ನಿಂತಿತ್ತು. ಅಮ್ಮನ ಸೆರಗು ಅದಕ್ಕೆ ಸಿಕ್ಕಿಕೊಂಡು ಒಂದು ಗೇಣು ಹರಿಯಿತು.

"ನಮ್ಮೂರ ಕೆಂಪು ಬಸ್ಸೇ ವಾಸಿ ಅಲ್ವೇನೋ" ಅಂದಳು. ಆಮೇಲೆ, "ಹೋಗ್ಲಿ ಬಿಡು, ಎರಡೂವರೆ ಗಂಟೆ ತಾನೆ" ಅಂದಳು.

ನಾನೂ ಬಿಟ್ಟೆ. ನಾನು ಮಾಡಿದ ತಪ್ಪು ಅದೇ. ಜನ ಇನ್ನೂ ಹತ್ತುತ್ತಿದ್ದರು, ಗಗನಸಖಿ ಎರಡು ಸಾಲು ಆಚೆಗಿದ್ದರು. ಎಲ್ಲರೂ ಕೂತ ಮೇಲೆ ನಿಧಾನವಾಗಿ ಹೇಳೋಣ ಅಂತ ಸುಮ್ಮನಾದೆ.

ಎಲ್ಲರೂ ಕೂತರು, ಬಾಗಿಲು ಹಾಕಿದರು. ಗಗನಸಖಿ ಬಂದು "ಆಂಟಿ, ಸೀಟು ನೇರ ಮಾಡಿ" ಅಂದರು. ನಿಲ್ಲಲ್ಲ ಅಂದೆ. ಅವರೂ ತಳ್ಳಿ ನೋಡಿದರು, ಗುಂಡಿ ಒತ್ತಿ ನೋಡಿದರು, ಆಗಲಿಲ್ಲ. ಬೇರೆ ಸೀಟು ಕೊಡಿ ಅಂದರೆ ವಿಮಾನ ಪೂರ್ತಿ ತುಂಬಿದೆ ಅಂದರು. ಅಷ್ಟರಲ್ಲಿ ವಿಮಾನ ಹಿಂದಕ್ಕೆ ಸರಿಯತೊಡಗಿತು. ಕೊನೆಗೆ ಅವರು ಮಾಡಿದ್ದು ಕೇಳಿದರೆ ನೀವು ನಂಬಲಿಕ್ಕಿಲ್ಲ. 18ಎ ಸೀಟಿನವರಿಗೆ, "ಸರ್, ಟೇಕಾಫ್ ಆಗುವವರೆಗೆ ಸ್ವಲ್ಪ ಹಿಡಿದುಕೊಂಡಿರ್ತೀರಾ?" ಅಂದರು.

ಅವರು ಚಿಕ್ಕಪೇಟೆಯ ಸೀರೆ ವ್ಯಾಪಾರಿ, ಬನಾರಸಿ ಮಾಲು ನೋಡಲು ಹೊರಟಿದ್ದವರು. ಪಾಪ, ಕೆಟ್ಟು ನಿಂತ ಕಾರು ತಳ್ಳುವವರ ಹಾಗೆ ಎರಡೂ ಅಂಗೈ ಕೊಟ್ಟು ಅಮ್ಮನ ಸೀಟನ್ನು ಒತ್ತಿಹಿಡಿದರು. ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿದ ಮೇಲೆ, "ಅಮ್ಮಾ, ಈಗ ಬಿಡ್ಲಾ?" ಅಂತ ಕೇಳಿದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಓದಿ ತಿಳಿದುಕೊಂಡಾಗ ನಗು ಬರಲಿಲ್ಲ. ಏರುವಾಗ, ಇಳಿಯುವಾಗ ಸೀಟು ನೆಟ್ಟಗಿರಬೇಕು ಅನ್ನುವುದು ಬರೀ ಶಿಸ್ತಿನ ಮಾತಲ್ಲ. ಏನಾದರೂ ಆಗಿ ಜನ ತಕ್ಷಣ ಇಳಿದು ಓಡಬೇಕಾದರೆ, ಒರಗಿದ ಸೀಟು ಹಿಂದಿನವರ ದಾರಿಗೆ ಅಡ್ಡ. ಈಗಿನ ಜೆಟ್ ವಿಮಾನಗಳ ಸೀಟಿನ ವಿನ್ಯಾಸಕ್ಕೆ ಒಪ್ಪಿಗೆ ಕೊಡುವ ಮೊದಲು ಗುರುತ್ವದ 16 ಪಟ್ಟು ಬಲದಲ್ಲಿ ಮುಂದಕ್ಕೆ ಜಗ್ಗಿ ಪರೀಕ್ಷೆ ಮಾಡುತ್ತಾರೆ. ಅಷ್ಟೆಲ್ಲ ಪರೀಕ್ಷೆ ದಾಟಿ ಬಂದ ಸೀಟನ್ನು ನಮ್ಮಲ್ಲಿ ಸೀರೆ ವ್ಯಾಪಾರಿಯ ಕೈ ಹಿಡಿದಿತ್ತು! ಸೀಟು ಹಿಂದಕ್ಕೆ ಹೋಗದೆ ನೆಟ್ಟಗೇ ಸಿಕ್ಕಿಕೊಂಡಿದ್ದರೆ ಅಲ್ಲಿ ಜನರನ್ನು ಕೂರಿಸಬಹುದು. ನೆಟ್ಟಗೆ ನಿಲ್ಲದ ಸೀಟು ಹಾಗಲ್ಲ. ಅದನ್ನು ಸರಿಮಾಡಬೇಕು, ಇಲ್ಲವೇ ಯಾರೂ ಕೂರಬಾರದು ಅಂತ ಚೀಟಿ ಅಂಟಿಸಿ ಖಾಲಿ ಬಿಡಬೇಕು.

ಮತ್ತೆ ಯಾಕೆ ಬಿಡಲ್ಲ? ಖಾಲಿ ಸೀಟು ದುಡ್ಡು ತರಲ್ಲ, ಅಷ್ಟೇ. ಈ ಕಂಪನಿಗಳ ಲೆಕ್ಕವೇ ಹಾಗೆ. ಒಂದು ಊರಲ್ಲಿ ಇಳಿದರೆ ಅರ್ಧ ಗಂಟೆಯಲ್ಲಿ ಮತ್ತೆ ಹಾರಬೇಕು. ಅಷ್ಟರಲ್ಲಿ ಕಸ ಗುಡಿಸುವುದೇ ಹೆಚ್ಚು, ಸ್ಕ್ರೂ ಯಾರು ಬಿಗಿಮಾಡುತ್ತಾರೆ? ದಿನಕ್ಕೆ ಆರು ಟ್ರಿಪ್ ಅಂದುಕೊಂಡರೂ ಒಂದೇ ಸೀಟಿನಲ್ಲಿ ವರ್ಷಕ್ಕೆ ಎರಡು ಸಾವಿರ ಜನ ಕೂತು ಏಳುತ್ತಾರೆ. ಸವೆಯುವುದು ಸಹಜ. ಅದರ ಮೇಲೆ 2023ರಿಂದ ಎಂಜಿನ್ ತೊಂದರೆಯಿಂದ ಎಷ್ಟೋ ವಿಮಾನಗಳು ನೆಲದಲ್ಲೇ ನಿಂತವು. ಆ ಜಾಗ ತುಂಬಲು ಹೊರದೇಶಗಳಿಂದ ಹಳೆಯ ವಿಮಾನಗಳನ್ನು ಬಾಡಿಗೆಗೆ ತಂದರು. ಟಿಕೆಟ್ ಮಾಡುವಾಗ ಯಾವ ವಿಮಾನ ಬರುತ್ತದೆ ಅಂತ ನಮಗೇನು ಗೊತ್ತು? ಸೀಟಿನ ನಕ್ಷೆಯಲ್ಲಿ ಎಲ್ಲ ಸೀಟೂ ಹೊಸದಾಗಿಯೇ ಕಾಣುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2025ರ ಫೆಬ್ರವರಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಭೋಪಾಲ್‌ನಿಂದ ದೆಹಲಿಗೆ ಹೊರಟಾಗ ಅವರಿಗೂ ಕುಸಿದು ಮುರಿದ ಸೀಟೇ ಸಿಕ್ಕಿತು. ಅದು ಅಗ್ಗದ ಕಂಪನಿಯೂ ಅಲ್ಲ. ಪಕ್ಕದವರು ತಮ್ಮ ಸೀಟು ಕೊಡಲು ಬಂದರೂ ಬೇಡ ಅಂದು ಅದರಲ್ಲೇ ಕೂತು ಹೋದರು. ಅವರೂ ನಮ್ಮಮ್ಮನ ಥರವೇ! ಆದರೆ ಅವರು ಇಳಿದ ಮೇಲೆ ಎಕ್ಸ್‌ನಲ್ಲಿ ಬರೆದರೆ ಕಂಪನಿ ಕೂಡಲೇ ಕ್ಷಮೆ ಕೇಳುತ್ತದೆ. ನಮಗೆ ಬಂದದ್ದು ಏನು ಅಂತ ಕೇಳಿ.

ವಾರಾಣಸಿಯಲ್ಲಿ ಇಳಿಯುವಷ್ಟರಲ್ಲಿ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಮರುದಿನ ಇಡೀ ಹನುಮಾನ್ ಘಾಟ್ ಹತ್ತಿರದ ರೂಮಿನಲ್ಲೇ ಮಲಗಿದ್ದಳು. ಗಂಗೆ ಇದ್ದದ್ದು ನೂರು ಹೆಜ್ಜೆ ದೂರದಲ್ಲಿ, ಆದರೆ ಘಾಟಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಕಂಪನಿಗೆ ಮೇಲ್ ಹಾಕಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಆ ದಿನದ ದಾಖಲೆಯಲ್ಲಿ 17ಎ ಸೀಟಿನ ದೋಷದ ಬಗ್ಗೆ ಏನೂ ಇಲ್ಲ, ಆದರೂ ನಿಮ್ಮ ಅನಿಸಿಕೆಗೆ ಧನ್ಯವಾದ ಅಂತ. ಅನಿಸಿಕೆಯಂತೆ!

ಆಗ ಗೊತ್ತಾಯಿತು. ವಿಮಾನದೊಳಗಿನ ಕೆಟ್ಟ ಸಾಮಾನುಗಳನ್ನು ಬರೆದಿಡಲು ಸಿಬ್ಬಂದಿಯ ಹತ್ತಿರ ಒಂದು ಲಾಗ್‌ಬುಕ್ ಇರುತ್ತದೆ. ಅದರಲ್ಲಿ ಬರೆದರೆ ಮೆಕ್ಯಾನಿಕ್ ಬಂದು ನೋಡಲೇಬೇಕು. ಬರೆಯದಿದ್ದರೆ ಆ ಸೀಟು ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ, ಮುಂದಿನ ಟ್ರಿಪ್‌ನಲ್ಲಿ ಇನ್ಯಾರದೋ ಅಮ್ಮ ಕೂರುತ್ತಾಳೆ. ಬಾಯಿಮಾತಲ್ಲಿ ಹೇಳಿದರೆ ಸಾಲದು. "ಲಾಗ್‌ಬುಕ್‌ನಲ್ಲಿ ಬರೆಯಿರಿ" ಅಂತಲೇ ಕೇಳಿ, ಬರೆದರೋ ಇಲ್ಲವೋ ಅಂತ ಇಳಿಯುವಾಗ ಇನ್ನೊಮ್ಮೆ ಕೇಳಿ. ಬಾಗಿಲು ಹಾಕುವ ಮೊದಲು ಹೇಳಿದರೆ ನೆಲದಲ್ಲಿರುವ ಮೆಕ್ಯಾನಿಕ್‌ನನ್ನು ಕರೆಸಬಹುದು. ಕುಶನ್ ಬದಲಿಸುವುದು ಎರಡು ನಿಮಿಷದ ಕೆಲಸ. ಬಾಗಿಲು ಹಾಕಿದ ಮೇಲೆ ಹೇಳಿದರೆ ಚಿಕ್ಕಪೇಟೆಯವರೇ ಗತಿ.

ನನ್ನನ್ನು ಉಳಿಸಿದ್ದು ಫೋಟೋ. ವಾಲಿದ ಸೀಟು, ಸ್ಕ್ರೂ, ಮೇಲಿನ ಸೀಟ್ ನಂಬರ್ ಮೂರೂ ಬರುವ ಹಾಗೆ ತೆಗೆದಿದ್ದೆ. ಗಗನಸಖಿ ಫೋಟೋ ತೆಗೆಯಬಾರದು ಅಂದರು. ಹೆದರಬೇಡಿ. ವಿಮಾನದೊಳಗೆ ಪ್ರಯಾಣಿಕರು ಫೋಟೋ, ವಿಡಿಯೋ ತೆಗೆಯಬಹುದು ಅಂತ 2020ರ ಸೆಪ್ಟೆಂಬರ್‌ನಲ್ಲಿ ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯೇ ಸ್ಪಷ್ಟಪಡಿಸಿದೆ. ಗಲಾಟೆಯಾಗುವ ಹಾಗೆ, ಸುರಕ್ಷತೆಗೆ ತೊಂದರೆಯಾಗುವ ಹಾಗೆ ಮಾಡಬಾರದು ಅಷ್ಟೇ. ಸಿಬ್ಬಂದಿಯ ಮುಖಕ್ಕೆ ಮಾತ್ರ ಕ್ಯಾಮೆರಾ ಹಿಡಿಯಬೇಡಿ, ಅವರ ತಪ್ಪೇನೂ ಇಲ್ಲ. ಆ ಹುಡುಗಿಯ ಮುಖ ನೋಡಿದರೆ ನನಗೇ ಪಾಪ ಅನಿಸಿತ್ತು.

ಆ ಫೋಟೋಗಳನ್ನು, ಬೋರ್ಡಿಂಗ್ ಪಾಸನ್ನು ವಿಮಾನಯಾನ ಸಚಿವಾಲಯದ ದೂರು ಜಾಲತಾಣ ಏರ್‌ಸೇವಾದಲ್ಲಿ ಹಾಕಿದೆ. ಹನ್ನೊಂದನೇ ದಿನ ಕಂಪನಿಯವರೇ ಫೋನ್ ಮಾಡಿದರು. ಮೊದಲು 500 ರೂಪಾಯಿಯ ವೋಚರ್ ಅಂದರು, ಆರು ತಿಂಗಳೊಳಗೆ ಬಳಸಬೇಕಂತೆ. ಬೇಡ ಅಂದೆ. ಸೀಟಿಗೆ ಕೊಟ್ಟ 650 ಖಾತೆಗೆ ವಾಪಸ್ ಬಂತು. ಹರಿದ ಸೀರೆಗೆ, ಮಲಗಿದ ಒಂದು ದಿನಕ್ಕೆ ಏನೂ ಇಲ್ಲ. ಅದಕ್ಕೆ ಬೇಕಾದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ನಾವಿರುವ ಜಿಲ್ಲೆಯಲ್ಲೇ, ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ. ನಾನು ಇನ್ನೂ ಹಾಕಿಲ್ಲ. ಅಮ್ಮ "ಕೋರ್ಟು ಗೀರ್ಟು ಬೇಡ ಕಣೋ" ಅನ್ನುತ್ತಿದ್ದಾಳೆ.

ಬರುವಾಗಲೂ ಅದೇ ಕಂಪನಿಯ ವಿಮಾನ, ಟಿಕೆಟ್ ಮೊದಲೇ ಆಗಿತ್ತಲ್ಲ. ಈ ಸಲ ಅಮ್ಮ ಕೂರಲೇ ಇಲ್ಲ. ನಿಂತುಕೊಂಡೇ ಸೀಟಿನ ಬೆನ್ನನ್ನು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿದಳು, ಕುಶನ್ನನ್ನು ಹಲಸಿನಹಣ್ಣು ನೋಡುವ ಹಾಗೆ ನಾಲ್ಕು ಕಡೆ ಒತ್ತಿದಳು, ಕೈಪಟ್ಟಿಯ ಮೇಲೆ ಅಂಗೈ ಸವರಿದಳು. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. "ಸ್ವಲ್ಪ ತಡೀರಪ್ಪಾ" ಅಂದು, ಬೆಲ್ಟನ್ನೂ ಒಂದು ಸಲ ಹಾಕಿ ತೆಗೆದು ನೋಡಿದ ಮೇಲೆಯೇ ಕೂತಳು.