ಅಪ್ಪನ ಕರುಳು ತೂತಾದ ರಾತ್ರಿ: ಒಂದು ಸರ್ಜರಿ ವಿಭಾಗದ ಬಗ್ಗೆ

ಅಪ್ಪನಿಗೆ 71 ವರ್ಷ. ಮೂರು ದಿನದಿಂದ ಎಡಗಡೆ ಕೆಳಹೊಟ್ಟೆ ನೋವು ಅಂತಿದ್ದರು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟೆವು. ನಾಲ್ಕನೇ ರಾತ್ರಿ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಯಿತು, ಬಿಪಿ ಇಳಿಯಿತು. ಮೈಸೂರಿನ ಆಸ್ಪತ್ರೆಯೊಂದಕ್ಕೆ ಓಡಿದೆವು.

ಅಲ್ಲಿ ಒಂದು ನಿಮಿಷವೂ ಸುಮ್ನೆ ಹೋಗಲಿಲ್ಲ. ಮೊದಲು ಡ್ರಿಪ್, ಆಂಟಿಬಯಾಟಿಕ್, ಆಮೇಲೆ ಸಿಟಿ ಸ್ಕ್ಯಾನ್. ದೊಡ್ಡ ಕರುಳಿನ ಗೋಡೆಯಲ್ಲಿ ಉಬ್ಬಿದ್ದ ಸಣ್ಣ ಚೀಲ ಒಡೆದಿತ್ತು. ಇಂಥ ಚೀಲ ಉರಿಯೂತದಿಂದ ಊದಿಕೊಳ್ಳುವುದಕ್ಕೆ ಡೈವರ್ಟಿಕ್ಯುಲೈಟಿಸ್ ಅಂತಾರೆ; ಅಪ್ಪನದು ಒಡೆಯುವ ಹಂತಕ್ಕೇ ಹೋಗಿತ್ತು. ಮಲ ಹೊಟ್ಟೆಯೊಳಗೆಲ್ಲ ಹರಡಿತ್ತು.

ಸರ್ಜನ್ ಕಾಗದದ ಮೇಲೆ ಕರುಳಿನ ಚಿತ್ರ ಬರೆದು ವಿವರಿಸಿದರು. ಆ ಹೊತ್ತಲ್ಲೂ ಅಷ್ಟು ತಾಳ್ಮೆ! ಬರೀ ತೊಳೆದರೆ ಸಾಲದು, ಕೆಟ್ಟ ಭಾಗ ತೆಗೆಯಲೇಬೇಕು ಅಂದರು. ಗಟ್ಟಿ ಇರುವ ರೋಗಿಗಾದರೆ ಆಗಲೇ ಎರಡೂ ತುದಿ ಜೋಡಿಸಬಹುದಂತೆ. ಅಪ್ಪನಿಗೆ ಬಿಪಿ ನಿಲ್ಲಿಸೋಕೇ ಔಷಧ ಬೇಕಾಗಿತ್ತು, ಜೋಡಿಸಿದ ಹೊಲಿಗೆ ಬಿಚ್ಚಿಕೊಂಡರೆ ಜೀವಕ್ಕೇ ಅಪಾಯ. ಹಾಗಾಗಿ ಹಾರ್ಟ್‌ಮನ್ ಆಪರೇಷನ್: ಕೆಳಗಿನ ತುದಿ ಮುಚ್ಚಿ, ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ತುಂಬಿಕೊಳ್ಳೋಕೆ ಚೀಲ ಕಟ್ಟುವುದು. ಫ್ರಾನ್ಸಿನ ಸರ್ಜನ್ ಹಾರ್ಟ್‌ಮನ್ 1921ರಲ್ಲಿ ಕ್ಯಾನ್ಸರ್‌ಗೆಂದು ವಿವರಿಸಿದ ವಿಧಾನ ಇದು. ಅವಸರದ ಹೊತ್ತಲ್ಲಿ ಸರಿಯಾದ ನಿರ್ಧಾರ ತೆಗೆದುಕೊಂಡರು ಅಂತ ಈಗಲೂ ನಂಬುತ್ತೇನೆ.

ಐಸಿಯುನಲ್ಲಿ ಆರು ದಿನ. ನರ್ಸ್‌ಗಳ ಆರೈಕೆ ಮರೆಯೋ ಹಾಗಿಲ್ಲ.

ಬೇಸರವಾಗಿದ್ದು ಡಿಸ್ಚಾರ್ಜ್ ದಿನ. ಚೀಲ ಬದಲಿಸೋದನ್ನು ಒಂದೇ ಸಲ, ಗಡಿಬಿಡಿಯಲ್ಲಿ ತೋರಿಸಿದರು. ಮನೆಯಲ್ಲಿ, ಹೊಟ್ಟೆಗೆ ಅಂಟಿಸುವ ಚೀಲದ ತೂತನ್ನು ಜಾಸ್ತಿ ದೊಡ್ಡದಾಗಿ ಕತ್ತರಿಸಿಬಿಟ್ಟೆ. ಸೋರಿ, ಅಪ್ಪನ ಚರ್ಮ ಕಿತ್ತುಬಂತು. ಅಮ್ಮ ಅತ್ತೇಬಿಟ್ಟರು. ಇಂಥ ಆಪರೇಷನ್ ಆದವರ ಮನೆಯವರು ಹೊರಡುವ ಮುಂಚೆ ನಮ್ಮ ಕೈಯಲ್ಲೇ ಎರಡು ಸಲ ಮಾಡಿಸಿ ಅಂತ ಕೇಳಿ.

ಏಳು ತಿಂಗಳ ನಂತರ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಮಾಡಿ, ಕರುಳು ಜೋಡಿಸಿದರು. ಅದೇ ಸರ್ಜನ್.